‘ನಿಮ್ಮಲ್ಲಿ ಹೇಗೆ ಮಾಡ್ತಾರೆ?’ ಅಂತ ಮಗುವನ್ನು ಕೇಳಿದೆ. ಕೇಳಬಾರದಿತ್ತಾ?

ಸೀಮೆಸುಣ್ಣ:

ನಾನು ಎಂಟನೇ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಹದಿನಾಲ್ಕು ವರ್ಷ ಆಯಿತು. ಈ ವರ್ಷ ವಾರಕ್ಕೊಂದು ಪೀರಿಯಡ್ ಜಾಸ್ತಿ ಕೊಟ್ಟಿದ್ದಾರೆ. ಬೇರೆ ಬೇರೆ ಧರ್ಮಗಳ ಬಗ್ಗೆ ಮಕ್ಕಳಿಗೆ ತಿಳಿಸಬೇಕು, ಹೊಂದಿಕೊಂಡು ಬಾಳುವುದನ್ನು ಕಲಿಸಬೇಕು ಅಂತ. ಪುಸ್ತಕ ಇಲ್ಲ, ತರಬೇತಿ ಇಲ್ಲ. ‘ನೀವು ಹೇಗೂ ಚೆನ್ನಾಗಿ ಮಾತಾಡ್ತೀರಲ್ಲ’ ಅಂದರು, ಅಷ್ಟೇ.

ಮೂರನೇ ವಾರ ಉಪವಾಸದ ವಿಷಯ ತೆಗೆದುಕೊಂಡೆ. ಸುಲಭ ಅನ್ನಿಸಿತ್ತು. ಎಷ್ಟೊಂದು ಧರ್ಮಗಳಲ್ಲಿ ಇದೆ ಅಲ್ವಾ? ಒಂದು ಧರ್ಮದ ಮಾತು ಬಂತು. ಆ ಮನೆತನದ ಹುಡುಗಿ ನನ್ನ ತರಗತಿಯಲ್ಲಿ ಇರುವುದು ಒಬ್ಬಳೇ. ಅವಳ ಕಡೆ ತಿರುಗಿ, ‘ನಿಮ್ಮಲ್ಲಿ ಹೇಗೆ ಮಾಡ್ತಾರೆ, ಸ್ವಲ್ಪ ಹೇಳಮ್ಮ’ ಅಂದೆ. ಪ್ರೀತಿಯಿಂದಲೇ ಕೇಳಿದ್ದು.

‘ನಮ್ಮ ಮನೇಲಿ ಯಾರೂ ಮಾಡಲ್ಲ ಮಿಸ್’ ಅಂದಳು. ಹಿಂದಿನ ಸಾಲಿನಲ್ಲಿ ನಗು. ನಾನು ಅಲ್ಲಿಗೆ ಬಿಡಬೇಕಿತ್ತು. ‘ಹೌದಾ? ಮಾಡಬೇಕಲ್ವಾ ಅದು?’ ಅಂತ ನನ್ನ ಬಾಯಿಂದ ಬಂದುಬಿಟ್ಟಿತು.

ಮಾರನೇ ದಿನದಿಂದ ಅವಳು ಮೊದಲ ಬೆಂಚು ಬಿಟ್ಟು ಗೋಡೆ ಪಕ್ಕ ಹೋಗಿ ಕೂತಿದ್ದಾಳೆ. ಡೈರಿಯಲ್ಲಿ ಅವರ ತಾಯಿ ಬರೆದ ಒಂದು ಸಾಲು: ‘ದಯವಿಟ್ಟು ಮಗಳನ್ನು ತರಗತಿಯಲ್ಲಿ ಧರ್ಮದ ಬಗ್ಗೆ ಕೇಳಬೇಡಿ.’ ಅದರ ಕೆಳಗೆ ನಾನು ಸಹಿ ಹಾಕಬೇಕಿತ್ತು. ಹಾಕಿದೆ.

ಇನ್ನೊಂದು ತಲೆನೋವು. ಅದೇ ದಿನ ಒಬ್ಬ ಹುಡುಗ ಎದ್ದುನಿಂತು, ‘ಮಿಸ್, ಇಷ್ಟರಲ್ಲಿ ಯಾವುದು ನಿಜ?’ ಅಂದ. ‘ಎಲ್ಲ ಧರ್ಮಗಳೂ ಹೇಳೋದು ಒಂದೇ ಕಣಪ್ಪ’ ಅಂದೆ. ಅವನಿಗೆ ಸಮಾಧಾನ ಆಗಲಿಲ್ಲ. ನನಗೂ ಆಗಲಿಲ್ಲ.

ಈ ಪೀರಿಯಡ್ ತೆಗೆದುಕೊಂಡವರು ಯಾರಾದರೂ ಇದ್ದೀರಾ? ಹೇಗೆ ಮಾಡಿದಿರಿ?

ಎರಡು ಮಕ್ಕಳ ಅಪ್ಪ:

ಬೇಜಾರು ಮಾಡಿಕೊಳ್ಳಬೇಡಿ ಮೇಡಂ. ಈ ಪೀರಿಯಡ್ಡೇ ಬೇಡ ಅನ್ನುವವನು ನಾನು. ಧರ್ಮ ಮನೆಯಲ್ಲಿರಲಿ, ಶಾಲೆಯಲ್ಲಿ ಲೆಕ್ಕ, ಭಾಷೆ, ವಿಜ್ಞಾನ ಇರಲಿ. ಫ್ರಾನ್ಸ್ 1882ರಲ್ಲೇ ಸರ್ಕಾರಿ ಶಾಲೆಗಳಿಂದ ಧರ್ಮಬೋಧನೆ ತೆಗೆದುಹಾಕಿತು. ಬೇಕಾದವರು ಹೊರಗೆ ಕಲಿಸಿಕೊಳ್ಳಲಿ ಅಂತ ಭಾನುವಾರದ ಜೊತೆಗೆ ವಾರದಲ್ಲಿ ಇನ್ನೊಂದು ದಿನ ಬಿಡುವು ಕೊಟ್ಟಿತು. ನನಗೆ ಅದೇ ಸರಿ ಅನ್ನಿಸುತ್ತದೆ. ಗೊತ್ತಿಲ್ಲದ ವಿಷಯವನ್ನು ಗೊತ್ತಿಲ್ಲದವರ ಕೈಲಿ ಹೇಳಿಸಿದರೆ ನೀವು ಹೇಳಿದ ಹಾಗೇ ಆಗುತ್ತದೆ. ನಿಮ್ಮ ತಪ್ಪಲ್ಲ ಅದು.

ಹಳೇ ಮೇಷ್ಟ್ರು:

ಸೀಮೆಸುಣ್ಣ ಅವರೇ, ನಾನು ನಿವೃತ್ತನಾಗಿ ಆರು ವರ್ಷ ಆಯಿತು. ನೀವು ಮಾಡಿದ ತಪ್ಪನ್ನು ನಾನು ಕನಿಷ್ಠ ಹತ್ತು ಸಲ ಮಾಡಿದ್ದೇನೆ. ಅದರಲ್ಲಿ ಒಂಬತ್ತು ಸಲ ತಪ್ಪು ಅಂತಲೇ ಗೊತ್ತಾಗಲಿಲ್ಲ. ಡೈರಿಯಲ್ಲಿ ಬರೆಯುವಂಥ ತಾಯಿ ನನಗೆ ಸಿಗಲಿಲ್ಲ.

ಮೊದಲು ಆ ಮಗುವಿನ ವಿಷಯ. ಹದಿಮೂರು ವರ್ಷದ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿ ‘ನಿಮ್ಮಲ್ಲಿ ಹೇಗೆ’ ಅಂತ ಕೇಳಿದರೆ, ಅವಳು ಪ್ರಪಂಚದಲ್ಲಿರುವ ಆ ಧರ್ಮದವರೆಲ್ಲರ ಪರವಾಗಿ ಉತ್ತರ ಕೊಡಬೇಕಾಗುತ್ತದೆ. ಹೆಚ್ಚು ಸಂಖ್ಯೆಯಲ್ಲಿರುವ ಮಕ್ಕಳನ್ನು ನಾವು ಯಾವತ್ತಾದರೂ ಹಾಗೆ ಕೇಳುತ್ತೇವಾ? ಅವರು ಸುಮ್ನೆ ಮಕ್ಕಳು. ಇವಳು ಮಾತ್ರ ಪ್ರತಿನಿಧಿ. ಅದರ ಮೇಲೆ ‘ಮಾಡಬೇಕಲ್ವಾ’ ಅಂದಾಗ ಅವಳ ಮನೆಯನ್ನು ಅವಳ ಎದುರಿಗೇ ತಪ್ಪು ಅಂದಂತಾಯಿತು. ಧರ್ಮ ಪುಸ್ತಕದಲ್ಲಿ ಒಂದು ಥರ, ಮನೆಗಳಲ್ಲಿ ನೂರು ಥರ. ನಿಜ ಹೇಳಬೇಕೆಂದರೆ ಅವತ್ತು ಆ ತರಗತಿಯಲ್ಲಿ ಧರ್ಮದ ಬಗ್ಗೆ ಸರಿಯಾದ ಮಾತು ಹೇಳಿದ್ದು ಅವಳೊಬ್ಬಳೇ.

ಇದು ಮಗುವಿನ ಸಂಕೋಚದ ಪ್ರಶ್ನೆ ಮಾತ್ರ ಅಂತ ತಿಳಿಯಬೇಡಿ. ನಾರ್ವೆಯಲ್ಲಿ 1997ರಲ್ಲಿ ಕ್ರೈಸ್ತ ಧರ್ಮ ಮತ್ತು ಇತರ ಧರ್ಮಗಳನ್ನು ಸೇರಿಸಿ ಎಲ್ಲ ಮಕ್ಕಳಿಗೂ ಒಂದೇ ವಿಷಯ ಮಾಡಿದರು. ಪೂರ್ತಿ ಬಿಡುವ ಹಾಗಿಲ್ಲ. ಕೆಲವು ಭಾಗಕ್ಕೆ ವಿನಾಯಿತಿ ಕೇಳಬಹುದಿತ್ತು. ಆದರೆ ಯಾವ ಭಾಗ ಬೇಡ ಅಂತ ತಂದೆತಾಯಿ ವಿವರಿಸಬೇಕು. ವಿವರಿಸುವುದು ಅಂದರೆ ತಮ್ಮ ನಂಬಿಕೆ ಏನು ಅಂತ ಶಾಲೆಯ ಮುಂದೆ ಬಿಚ್ಚಿಡುವುದೇ ತಾನೆ? ಯಾವ ಧರ್ಮವನ್ನೂ ನಂಬದ ಕೆಲವು ತಂದೆತಾಯಿ ಕೋರ್ಟಿಗೆ ಹೋದರು. ಅದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ತನಕ ಹೋಯಿತು. 2007ರಲ್ಲಿ 9 ನ್ಯಾಯಮೂರ್ತಿಗಳು ಅವರ ಪರ, 8 ಜನ ವಿರುದ್ಧ. ಗೆದ್ದರು, ಒಂದೇ ಮತದಲ್ಲಿ. ಅಷ್ಟು ಕಷ್ಟದ ಪ್ರಶ್ನೆ ಇದು. ನೀವು ಮೂರನೇ ವಾರಕ್ಕೇ ಎಡವಿದ್ದರಲ್ಲಿ ಆಶ್ಚರ್ಯ ಏನಿಲ್ಲ.

ಹಾಗಂತ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಮೇಲೆ ಅಪ್ಪ ಅವರು ಫ್ರಾನ್ಸ್ ಉದಾಹರಣೆ ಕೊಟ್ಟರು. ಅದೇ ಫ್ರಾನ್ಸಿನಲ್ಲಿ 2002ರಲ್ಲಿ ರೆಜಿಸ್ ದೆಬ್ರೆ ಅನ್ನುವ ಚಿಂತಕರು ಶಿಕ್ಷಣ ಮಂತ್ರಿಗೆ ವರದಿ ಕೊಟ್ಟರು. ಬೋಧನೆ ಬೇಡ, ಆದರೆ ಇತಿಹಾಸ, ಸಾಹಿತ್ಯದ ಪಾಠಗಳಲ್ಲಿ ಧರ್ಮಗಳ ಬಗ್ಗೆ ತಿಳಿವಳಿಕೆ ಕೊಡಲೇಬೇಕು ಅಂತ. ಶಾಲೆ ಸುಮ್ಮನಿದ್ದರೆ ಮಕ್ಕಳು ಕಲಿಯದೆ ಇರುತ್ತಾರಾ? ಫೋನಿನಲ್ಲಿ ಕಲಿಯುತ್ತಾರೆ. ಅಲ್ಲಿ ಯಾರು ಮೇಷ್ಟ್ರು ಅಂತ ನಿಮಗೂ ಗೊತ್ತು.

ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಅನ್ನುವ ಊರಿನ ಕಥೆ ಓದಿ. 2000ರಿಂದ ಅಲ್ಲಿ ಒಂಬತ್ತನೇ ತರಗತಿಯವರಿಗೆ ಜಗತ್ತಿನ ಧರ್ಮಗಳ ಪಾಠ ಕಡ್ಡಾಯ ಮಾಡಿದರು. ನನಗೆ ಇಷ್ಟವಾದದ್ದು ಶುರು ಮಾಡುವ ರೀತಿ. ಮೊದಲು ಧರ್ಮಗಳಲ್ಲ. ಎಲ್ಲರಿಗೂ ತಮಗೆ ಬೇಕಾದ್ದನ್ನು ನಂಬುವ, ನಂಬದಿರುವ ಹಕ್ಕು ಇದೆ ಅನ್ನುವುದು ಮೊದಲು. ಧರ್ಮಗಳು ಆಮೇಲೆ, ಒಂದಾದ ಮೇಲೆ ಒಂದು. ಇಬ್ಬರು ಸಂಶೋಧಕರು ನೂರಾರು ಮಕ್ಕಳನ್ನು ಪಾಠಕ್ಕೆ ಮುಂಚೆ ಮತ್ತು ಆಮೇಲೆ ಪ್ರಶ್ನಿಸಿ 2006ರಲ್ಲಿ ವರದಿ ಪ್ರಕಟಿಸಿದರು. ಬೇರೆಯವರ ಹಕ್ಕಿನ ಬಗ್ಗೆ ಮಕ್ಕಳ ಗೌರವ ಹೆಚ್ಚಿತ್ತು. ತಮ್ಮ ಧರ್ಮವನ್ನು ಬಿಡುವ ಮನಸ್ಸೇನೂ ಬಂದಿರಲಿಲ್ಲ. ತಂದೆತಾಯಿಗೆ ಇರುವ ಭಯ ಅದೇ ತಾನೆ?

ಇನ್ನು ‘ಎಲ್ಲ ಧರ್ಮಗಳೂ ಹೇಳೋದು ಒಂದೇ’. ದೇವನೊಬ್ಬ ನಾಮ ಹಲವು ಅಂತ ಗೋಡೆ ಮೇಲೆ ಬರೆಯಲು ಚೆಂದ. ಆದರೆ ಅದು ನಿಜವಲ್ಲ, ಮಕ್ಕಳಿಗೆ ಅದು ಗೊತ್ತಾಗುತ್ತದೆ. ಒಂದು ಧರ್ಮದಲ್ಲಿ ಒಬ್ಬನೇ ದೇವರು, ಇನ್ನೊಂದರಲ್ಲಿ ಹಲವರು. ಜೈನರು, ಬೌದ್ಧರು ಸೃಷ್ಟಿಕರ್ತ ದೇವರನ್ನು ಒಪ್ಪುವುದಿಲ್ಲ. ದೇವರೇ ಇಲ್ಲ ಅನ್ನುವ ಮನೆಯ ಮಗು ಆ ಗೋಡೆಬರಹದಲ್ಲಿ ಎಲ್ಲಿ ನಿಲ್ಲಬೇಕು? ಎಲ್ಲ ಒಂದೇ ಆಗಿದ್ದರೆ ಹೊಂದಿಕೊಂಡು ಬಾಳುವ ಪಾಠವೇ ಬೇಕಿರಲಿಲ್ಲ. ಆ ಹುಡುಗನಿಗೆ ಹೀಗೆ ಹೇಳಿ ನೋಡಿ: ‘ಈ ಪ್ರಶ್ನೆಯನ್ನು ಜನ ಸಾವಿರಾರು ವರ್ಷದಿಂದ ಕೇಳುತ್ತಿದ್ದಾರೆ. ನಿನ್ನ ಉತ್ತರ ನೀನು ಹುಡುಕಿಕೋ. ಯಾರು ಯಾವ ಉತ್ತರ ಕೊಟ್ಟರು, ಅದನ್ನು ನಾನು ಸರಿಯಾಗಿ ಹೇಳುತ್ತೇನೆ.’ ಮತ್ತೆ ಪ್ರತಿ ವಾಕ್ಯಕ್ಕೂ ಒಂದು ಹಿಡಿಕೆ ಹಾಕಿ. ‘ಹೀಗೆ ಆಯಿತು’ ಅನ್ನಬೇಡಿ, ‘ಹೀಗೆ ಆಯಿತು ಎಂದು ಇವರು ನಂಬುತ್ತಾರೆ’ ಅನ್ನಿ. ನಿಮ್ಮ ಸ್ವಂತ ಧರ್ಮದ ಬಗ್ಗೆ ಹೇಳುವಾಗಲೂ. ಕಷ್ಟ ಅಲ್ಲೇ ಇರುವುದು.

ಆ ಹುಡುಗಿಯ ಕ್ಷಮೆ ಕೇಳಿ. ತರಗತಿಯ ಮುಂದೆ ಬೇಡ.

ಕೊನೇ ಬೆಂಚು:

ನಾನು ಆ ಹುಡುಗಿ ಆಗಿದ್ದೆ. ಬೇರೆ ಊರು, ಬೇರೆ ಧರ್ಮ ಇರಬಹುದು. ಆದರೆ ಅದೇ ಪ್ರಶ್ನೆ, ವರ್ಷಕ್ಕೆ ಎರಡು ಮೂರು ಸಲ. ಗೊತ್ತಿಲ್ಲ ಅಂದರೆ ಅವಮಾನ, ಅದಕ್ಕೇ ಬಾಯಿಗೆ ಬಂದದ್ದು ಹೇಳುತ್ತಿದ್ದೆ. ನಮ್ಮ ಧರ್ಮದಲ್ಲಿ ಇಲ್ಲದ ಎಷ್ಟೋ ಆಚಾರಗಳನ್ನು ನಾನೇ ಹುಟ್ಟಿಸಿದ್ದೇನೆ. ಯಾರಾದರೂ ನೋಟ್ಸ್ ಬರೆದುಕೊಂಡಿದ್ದರೆ ಕ್ಷಮಿಸಿ.

ನನ್ನ ಗೆಳತಿಯರು ಸಿಕ್ಕಿದ್ದು ಧರ್ಮದ ಪಾಠದಲ್ಲಲ್ಲ, ವಿಜ್ಞಾನದ ಪ್ರಾಜೆಕ್ಟಿನಲ್ಲಿ. ಆಮೇಲೆ ಮನಶ್ಶಾಸ್ತ್ರ ಓದುವಾಗ ಗೊತ್ತಾಯಿತು, ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಇದನ್ನು ಹೇಳಿದ್ದರು. ಬೇರೆ ಬೇರೆ ಜನರನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಸಾಲದು. ಸಮಾನ ಸ್ಥಾನ ಇರಬೇಕು, ಗುರಿ ಒಂದೇ ಇರಬೇಕು, ಒಬ್ಬರಿಗೊಬ್ಬರು ಬೇಕಾಗಬೇಕು, ಮೇಲಿನವರ ಬೆಂಬಲ ಇರಬೇಕು. 1971ರಲ್ಲಿ ಎಲಿಯಟ್ ಆರನ್ಸನ್ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಇದಕ್ಕೊಂದು ಉಪಾಯ ಮಾಡಿದರು. ಕಪ್ಪು, ಬಿಳಿ, ಮೆಕ್ಸಿಕನ್ ಮೂಲದ ಮಕ್ಕಳು ಆಗಷ್ಟೇ ಒಂದೇ ಶಾಲೆಗೆ ಬಂದಿದ್ದರು, ಜಗಳವೋ ಜಗಳ. ಐದಾರು ಮಕ್ಕಳ ಗುಂಪು ಮಾಡಿ, ಪಾಠವನ್ನು ತುಂಡು ಮಾಡಿ, ಒಬ್ಬೊಬ್ಬರಿಗೆ ಒಂದು ತುಂಡು. ಬೇರೆ ಬೇರೆ ಗುಂಪುಗಳಲ್ಲಿ ಅದೇ ತುಂಡು ಸಿಕ್ಕವರು ಒಟ್ಟಿಗೆ ಕೂತು ಕಲಿತು ಬರುತ್ತಾರೆ, ತಮ್ಮ ತಮ್ಮ ಗುಂಪಿಗೆ ಹೇಳಿಕೊಡುತ್ತಾರೆ. ಪಕ್ಕದವನು ಸರಿಯಾಗಿ ಹೇಳಿಕೊಡದಿದ್ದರೆ ನನಗೆ ಮಾರ್ಕ್ಸ್ ಇಲ್ಲ. ಹಾಗಾಗಿ ಅವನನ್ನು ಗೇಲಿ ಮಾಡಿ ಪ್ರಯೋಜನ ಇಲ್ಲ.

ಮಿಸ್, ನಿಮ್ಮ ಪೀರಿಯಡ್ಡಲ್ಲಿ ಧರ್ಮಗಳ ಬದಲು ಒಂದು ಕೇಸ್ ಕೊಡಿ. ಕೇರಳದಲ್ಲಿ 1985ರಲ್ಲಿ ಯೆಹೋವನ ಸಾಕ್ಷಿಗಳು ಅನ್ನುವ ಕ್ರೈಸ್ತ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆಯಿಂದ ತೆಗೆದರು. ಕಥೆಯನ್ನು ಅಲ್ಲಿಗೇ ನಿಲ್ಲಿಸಿ. ಸುಪ್ರೀಂ ಕೋರ್ಟ್ ತೀರ್ಪನ್ನು ಕೊನೇ ಐದು ನಿಮಿಷಕ್ಕೆ ಇಟ್ಟುಕೊಳ್ಳಿ.

ಸೀಮೆಸುಣ್ಣ:

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಧನ್ಯವಾದ. ಅಪ್ಪ ಅವರಿಗೂ. ನಿಮ್ಮ ಮಾತು ಒಪ್ಪಲಿಲ್ಲ, ಆದರೆ ತರಬೇತಿ ಇಲ್ಲದೆ ಇದನ್ನು ಮಾಡಬಾರದು ಅಂತ ಮುಖ್ಯೋಪಾಧ್ಯಾಯರಿಗೆ ಬರೆದುಕೊಟ್ಟೆ.

ಕ್ಷಮೆ ಕೇಳಿದೆ, ವರಾಂಡದಲ್ಲಿ. ‘ಪರವಾಗಿಲ್ಲ ಮಿಸ್’ ಅಂತ ಓಡಿಹೋದಳು. ತಾಯಿಗೂ ಡೈರಿಯಲ್ಲಿ ಎರಡು ಸಾಲು ಬರೆದೆ. ಅದರ ಕೆಳಗೆ ಅವರ ಸಹಿ ಬಂತು, ಮಾತಿಲ್ಲ.

ಕೇಸ್ ಕೊಟ್ಟೆ, ಐದೈದು ಜನರ ಗುಂಪು ಮಾಡಿ. ಒಬ್ಬರಿಗೆ ಶಾಲೆಯ ವಾದ, ಒಬ್ಬರಿಗೆ ತಂದೆತಾಯಿಯ ವಾದ, ಒಬ್ಬರಿಗೆ ಆ ಪಂಥದ ನಂಬಿಕೆ, ಹೀಗೆ. ಗಲಾಟೆ ಎಷ್ಟಾಯಿತು ಅಂದರೆ ಪಕ್ಕದ ತರಗತಿಯ ಮಿಸ್ ಬಂದು ಇಣುಕಿದರು. ತೆಗೆದದ್ದೇ ಸರಿ ಅಂದವರು ಅರ್ಧಕ್ಕಿಂತ ಜಾಸ್ತಿ. ಗೋಡೆ ಪಕ್ಕದಿಂದ ಆ ಹುಡುಗಿ, ಕೈ ಎತ್ತದೆ, ‘ಎದ್ದು ನಿಂತಿದ್ರಲ್ಲ’ ಅಂದಳು. ‘ನಿಂತ್ರೆ ಸಾಕಾ?’ ಅಂದ ಆ ‘ಯಾವುದು ನಿಜ’ ಹುಡುಗ. ಇಬ್ಬರೂ ಗಂಟೆ ಹೊಡೆಯುವ ತನಕ ವಾದ ಮಾಡಿದರು. 1986ರಲ್ಲಿ ಕೋರ್ಟು ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂತ ಹೇಳಿದ್ದನ್ನು ಓದಲು ಐದು ನಿಮಿಷ ಎಲ್ಲಿ ಉಳಿಯಿತು? ಮುಂದಿನ ವಾರಕ್ಕೆ ಹೋಯಿತು. ಮಕ್ಕಳಿಗೆ ವಾರವಿಡೀ ಅದೇ ಯೋಚನೆ.

ಅವಳಿನ್ನೂ ಗೋಡೆ ಪಕ್ಕದಲ್ಲೇ ಕೂರುತ್ತಾಳೆ.

ಮೇಷ್ಟ್ರೇ, ಆ ನಾರ್ವೆ ಕೇಸಿನಲ್ಲಿ ಸರ್ಕಾರದ ಪರ ಇದ್ದ 8 ಜನರ ವಾದ ಏನಿತ್ತು? ಒಂದು ಗುಂಪಿಗೆ ಅದನ್ನು ಕೊಡಬೇಕು.