‘ಸ್ಯಾಂಪಲ್’ಗೆ ‘ಕಸಿ’ ಅನ್ನಬಹುದೇ?

ಗೆಳೆಯರೇ,

ಹಿಪ್‌ಹಾಪ್ ಡಿಜೆಗಳು (ಗ್ರಾಮಫೋನ್ ತಟ್ಟೆ ಹಾಕಿ ಜನರನ್ನು ಕುಣಿಸುವವರು) ಯಾವ ಆಲ್ಬಮ್‌ಗಳನ್ನು ಕೇಳಿ ಬೆಳೆದರು ಅಂತ ಒಂದು ಬರಹ ಬರೆಯುತ್ತಿದ್ದೇನೆ. ಎರಡನೇ ಪ್ಯಾರಾದಲ್ಲೇ ಗಾಡಿ ನಿಂತಿದೆ. ‘ಸ್ಯಾಂಪಲ್’ ಅನ್ನುವುದಕ್ಕೆ ಏನು ಬಳಸಲಿ? ಹಳೆಯ ತಟ್ಟೆಯಿಂದ ಹಾಡಿನ ಒಂದು ಚೂರು ಎತ್ತಿಕೊಂಡು, ಅದನ್ನೇ ಮತ್ತೆ ಮತ್ತೆ ನುಡಿಸಿ, ಅದರ ಮೇಲೆ ಹೊಸ ಹಾಡು ಕಟ್ಟುತ್ತಾರಲ್ಲ, ಅದು. ಆ ಚೂರಿಗೂ ಪದ ಬೇಕು, ಆ ಕೆಲಸಕ್ಕೂ ಬೇಕು.

ನಿಘಂಟು ‘ಮಾದರಿ’ ಅನ್ನುತ್ತದೆ. ಮಣ್ಣಿಗೆ, ರಕ್ತಕ್ಕೆ ಸರಿ. ಆದರೆ ‘ಜೇಮ್ಸ್ ಬ್ರೌನ್ ಹಾಡಿನ ಮಾದರಿ’ ಅಂದರೆ ಆ ಅಮೆರಿಕನ್ ಗಾಯಕನ ಹಾಗೇ ಹಾಡಿದ್ದು ಅಂತ ಆಗುತ್ತದೆ, ಅಲ್ವಾ? ‘ಎರವಲು’ ಅಂದರೆ ವಾಪಸ್ ಕೊಡಬೇಕು. ‘ತೇಪೆ’ ಅಂದರೆ ಮೊದಲೇ ಎಲ್ಲೋ ಹರಿದಿತ್ತು ಅಂತ. ‘ತುಣುಕು’ ಚೂರಿಗೆ ಆದೀತು, ಕೆಲಸಕ್ಕೆ ಆಗುವುದಿಲ್ಲ.

ನನಗೆ ಹೊಳೆದದ್ದು ‘ಕಸಿ’. ಒಳ್ಳೆಯ ಮಾವಿನ ಮರದಿಂದ ಒಂದು ಕಡ್ಡಿ ಕೊಯ್ದು ಬೇರೆ ಸಸಿಗೆ ಕಟ್ಟುತ್ತೇವೆ. ತಾಯಿಮರ ಅಲ್ಲೇ ನಿಂತಿರುತ್ತದೆ, ಅದಕ್ಕೇನೂ ಆಗುವುದಿಲ್ಲ. 1970ರಲ್ಲಿ ಬಂದ ಬ್ರೌನ್‌ನ ‘ಫಂಕಿ ಡ್ರಮರ್’ ನೋಡಿ. ಅದರಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ಒಬ್ಬನೇ ಡ್ರಮ್ ಬಾರಿಸುವ ಭಾಗ ಕೆಲವೇ ಸೆಕೆಂಡು. ಆ ಕಡ್ಡಿ ಎಷ್ಟು ಹಾಡುಗಳಲ್ಲಿ ಚಿಗುರಿದೆ ಅಂತ ಲೆಕ್ಕ ಇಡುವುದೇ ಕಷ್ಟ. ಪಬ್ಲಿಕ್ ಎನಿಮಿ ಎಂಬ ಹಿಪ್‌ಹಾಪ್ ತಂಡದ 1988ರ ಆಲ್ಬಮ್‌ನಲ್ಲೂ ಅದಿದೆ. ಪತ್ರಿಕೆಗಳು ‘ಕಿಡ್ನಿ ಕಸಿ’ ಅಂತ ಸಲೀಸಾಗಿ ಬರೆಯುತ್ತವೆ. ಡ್ರಮ್ ಕಸಿ ಯಾಕಾಗಬಾರದು?

ತೊಡಕು ಇರುವುದು ಇನ್ನೊಂದು ‘ಕಸಿ’ಯಲ್ಲಿ. ಕಸಿದುಕೊಳ್ಳುವ ಕಸಿ. ‘ಹಾಡನ್ನು ಕಸಿ ಮಾಡಿದ’ ಅಂತ ಓದಿದವರಿಗೆ ‘ಹಾಡನ್ನು ಕಸಿದುಕೊಂಡ’ ಅಂತ ಕೇಳಿಸಿದರೆ? ಆದರೆ ಸುಮ್ನೆ ಯೋಚಿಸಿ, ಈ ಸಂಗೀತದ ಮೇಲೆ ಬಂದ ದೂರೂ ಅದೇ ತಾನೆ. ಬಿಜ್ ಮಾರ್ಕಿ ಎಂಬ ರ್‍ಯಾಪರ್ ಗಾಯಕ ಗಿಲ್ಬರ್ಟ್ ಒ’ಸಲಿವನ್‌ನ ಹಾಡಿನ ಚೂರನ್ನು ಅನುಮತಿ ಇಲ್ಲದೆ ಬಳಸಿದ. 1991ರಲ್ಲಿ ನ್ಯೂಯಾರ್ಕ್‌ನ ನ್ಯಾಯಾಧೀಶರು ತೀರ್ಪನ್ನು ಶುರು ಮಾಡಿದ್ದೇ ಬೈಬಲ್ಲಿನ ‘ಕದಿಯಬೇಡ’ ಎಂಬ ಮಾತಿನಿಂದ. 1993ರಲ್ಲಿ ಮಾರ್ಕಿ ತನ್ನ ಮುಂದಿನ ಆಲ್ಬಮ್‌ಗೆ ‘ಆಲ್ ಸ್ಯಾಂಪಲ್ಸ್ ಕ್ಲಿಯರ್ಡ್!’ ಅಂತಲೇ ಹೆಸರಿಟ್ಟ, ಅಂದರೆ ‘ಎಲ್ಲ ಸ್ಯಾಂಪಲ್‌ಗೂ ಅನುಮತಿ ಪಡೆದಿದೆ!’ ಅಂತ. ಒಳ್ಳೆಯ ತಮಾಷೆ. ಹಾಗಾಗಿ ಆ ಎರಡನೇ ಅರ್ಥ ಹಿಂದೆ ನಿಂತು ಇಣುಕಿದರೂ ನನಗೆ ಬೇಸರವಿಲ್ಲ. ನಿಮಗೆ?

ಇನ್ನು ‘ಬ್ರೇಕ್’. ಹಾಡಿನಲ್ಲಿ ಉಳಿದವರೆಲ್ಲ ನಿಂತು ತಾಳವಾದ್ಯ ಮಾತ್ರ ಉಳಿಯುವ ಜಾಗ. ನ್ಯೂಯಾರ್ಕಿನ ಬ್ರಾಂಕ್ಸ್‌ನ ಸೆಡ್ಜ್‌ವಿಕ್ ಅವೆನ್ಯೂದಲ್ಲಿ 1973ರ ಆಗಸ್ಟ್ 11ರಂದು ಪಾರ್ಟಿ ನಡೆಸಿಕೊಟ್ಟ ಡಿಜೆ ಕೂಲ್ ಹರ್ಕ್ ಗಮನಿಸಿದ್ದು, ಜನ ಕುಣಿಯಲು ಕಾಯುವುದು ಅದಕ್ಕೇ ಅಂತ. ಒಂದೇ ತಟ್ಟೆಯ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಆ ಜಾಗ ಮುಗಿಯುತ್ತಲೇ ಇನ್ನೊಂದರಲ್ಲಿ ಮತ್ತೆ ಮೊದಲಿನಿಂದ ಹಾಕುವುದನ್ನು ಅವನು ರೂಢಿ ಮಾಡಿದ. ನಮ್ಮ ಸಂಗೀತ ಕಛೇರಿಯಲ್ಲಿ ಮೃದಂಗದಂಥ ತಾಳವಾದ್ಯದವರು ಮಾತ್ರ ನುಡಿಸುವ ‘ತನಿ’ಗೆ ಬ್ರೇಕ್ ಹತ್ತಿರ. ಒಂದೇ ವ್ಯತ್ಯಾಸ, ತನಿ ಶುರುವಾದರೆ ನಮ್ಮವರು ಕಾಫಿಗೆ ಏಳುತ್ತಾರೆ, ಅಲ್ಲಿ ಕುಣಿಯಲು ಏಳುತ್ತಿದ್ದರು. ‘ತನಿ’ ಅಂತ ಬರೆದರೆ ಸಂಗೀತ ಬಲ್ಲವರು ಬೈಯುತ್ತಾರೇನೋ. ಹಳಗನ್ನಡ ಓದಿದವರಿಗೆ ‘ತನಿವಣ್ಣು’ (ಮಾಗಿದ ಹಣ್ಣು) ನೆನಪಾಗಬಹುದು. ಹಾಡು ಮಾಗಿದ ಜಾಗ ಅಂತ ತಿಳಿದರೂ ತಪ್ಪಿಲ್ಲ.

ಇದೇ ಗೊಂದಲ ‘ಮೆಚ್ಚಿನ ಆಲ್ಬಮ್’ ಎಂಬಲ್ಲೂ ಇದೆ. ‘ಇನ್‌ಕ್ರೆಡಿಬಲ್ ಬಾಂಗೋ ಬ್ಯಾಂಡ್’ನ 1973ರ ಆಲ್ಬಮ್‌ ಅನ್ನು ಡಿಜೆಗಳು ಹಬ್ಬದ ದೇವರ ಹಾಗೆ ಹೊತ್ತು ತಿರುಗಿದರು. ಆದರೆ ಅವರಿಗೆ ಬೇಕಿದ್ದದ್ದು ಹೆಚ್ಚಾಗಿ ‘ಅಪಾಚೆ’ ಹಾಡಿನ ಡ್ರಮ್ ಮತ್ತು ಬಾಂಗೋ. ಉಳಿದದ್ದನ್ನು ಎಷ್ಟು ಜನ ಕೂತು ಕೇಳಿದರೋ. ಇದನ್ನು ‘ಮೆಚ್ಚಿನ’ ಅನ್ನಲೇ? ‘ಪ್ರಭಾವಿ’ ಅಂತೂ ಬೇಡ, ಟಿಕೆಟ್ ಕೇಳುವ ರಾಜಕಾರಣಿ ಕಣ್ಣ ಮುಂದೆ ಬರುತ್ತಾನೆ. ನಾನು ಸದ್ಯಕ್ಕೆ ‘ದಾರಿ ತೋರಿದ’ ಅಂತ ಬರೆದಿದ್ದೇನೆ. (‘ಧ್ವನಿಸುರುಳಿ’ ಸೂಚಿಸುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಸುರುಳಿ ಇಲ್ಲ, ತಟ್ಟೆ ಇದೆ.)

ಈಗ ಈ ವಾಕ್ಯ ಓದಿ ಹೇಳಿ: ‘ಡಿಜೆ ಶ್ಯಾಡೋ 1996ರ ತನ್ನ ಮೊದಲ ಆಲ್ಬಮ್‌ ಅನ್ನು ಹೆಚ್ಚುಕಡಿಮೆ ಪೂರ್ತಿ ಹಳೆಯ ತಟ್ಟೆಗಳ ಕಸಿಯಿಂದಲೇ ಕಟ್ಟಿದ.’ ನಿಮ್ಮ ಕಿವಿಗೆ ಮಾವು ಬಂತೋ, ಕಳ್ಳ ಬಂದನೋ?

ತೋಟ ಇರುವವರಿಗೆ ಇನ್ನೊಂದು ಪ್ರಶ್ನೆ. ಕಟ್ಟಲು ಕೊಯ್ದ ಆ ಚೂರಿಗೆ ನಿಮ್ಮ ಕಡೆ ‘ಕಸಿಕಡ್ಡಿ’ ಅನ್ನುತ್ತೀರೋ, ‘ಕುಡಿ’ ಅನ್ನುತ್ತೀರೋ? ‘ಕುಡಿ’ ಆದರೆ ಡ್ರಮ್ಮಿನ ಚೂರಿಗೆ ಅದನ್ನೇ ಇಡೋಣ ಅಂತ ನನ್ನ ಆಸೆ.