ಏರುಮಡಿಗೆ ಕಾಡುಗಲ್ಲಿನ ಕಟ್ಟೆ: ಗಾರೆ ಬೇಕೇ, ಬೇಡವೇ?

ಪ್ರಶ್ನೆ (ಮಡಿಕೇರಿ ಸಮೀಪದಿಂದ): ನಮ್ಮ ಹಿತ್ತಲಿನಲ್ಲಿ ಮಳೆಗಾಲ ಪೂರ್ತಿ ನೀರು ನಿಲ್ಲುವುದರಿಂದ ತರಕಾರಿ ಗಿಡಗಳ ಬೇರು ಕೊಳೆಯುತ್ತಿದೆ. ತೋಟದಲ್ಲಿ ಅಗೆದಾಗ ಸಿಕ್ಕ ಕಾಡುಗಲ್ಲುಗಳನ್ನೇ ಬಳಸಿ ಏರುಮಡಿ (ನೆಲಕ್ಕಿಂತ ಎತ್ತರದ ಗಿಡದ ಪಾತಿ) ಕಟ್ಟಬೇಕೆಂದಿದ್ದೇನೆ. ಸಿಮೆಂಟು ಗಾರೆ ಹಾಕಬೇಕೇ? ಕಟ್ಟಿ ನೋಡಿದವರು ದಯವಿಟ್ಟು ತಿಳಿಸಿ.

ನಾಪೋಕ್ಲಿನಿಂದ: ಗಾರೆ ಬೇಡವೆಂದೇ ಹೇಳುತ್ತೇನೆ. ನಾನು ಮೊದಲು ಕಟ್ಟಿಸಿದ್ದು ಸಿಮೆಂಟಿನಲ್ಲಿಯೇ; ನೀರು ಹೊರಹೋಗಲು ಕಿಂಡಿ ಬಿಡಿಸಲಿಲ್ಲ. ಜುಲೈ ತಿಂಗಳಲ್ಲಿ ಒಳಗಿನ ಮಣ್ಣು ನೀರು ಕುಡಿದು ಭಾರವಾಗಿ, ಇಳಿಜಾರಿನ ಕಡೆಯ ಗೋಡೆ ಉಬ್ಬಿ ಬಿರುಕು ಬಿಟ್ಟಿತು. ಅದೇ ಕಲ್ಲುಗಳನ್ನು ಕಿತ್ತು, ಗಾರೆಯಿಲ್ಲದೆ ಮತ್ತೆ ಕಟ್ಟಿದ ಮೇಲೆ ಎಷ್ಟು ಮಳೆ ಬಂದರೂ ನೀರು ಸಂದುಗಳಿಂದ ತಾನಾಗಿ ಇಳಿದು ಹೋಗುತ್ತದೆ. ಮೇಲಿನ ಸಡಿಲ ಮಣ್ಣನ್ನು ತೆಗೆದು ಗಟ್ಟಿ ನೆಲದವರೆಗೆ ಅಗೆದು, ದೊಡ್ಡ ಕಲ್ಲುಗಳನ್ನು ಅರ್ಧ ಹುಗಿದು ಕೂರಿಸಿ. ಎರಡು ಕಲ್ಲುಗಳ ಸಂದಿನ ಮೇಲೆ ಮುಂದಿನ ಸಾಲಿನ ಕಲ್ಲು ಬರಬೇಕು. ಒಂದೂವರೆ ಅಡಿ ಎತ್ತರಕ್ಕೆ ಸುಮಾರು ಮೂರು ಅಂಗುಲದಷ್ಟು ಗೋಡೆ ಒಳಕ್ಕೆ ವಾಲಿರಬೇಕು. ಅಲುಗಾಡುವ ಕಲ್ಲಿನ ಕೆಳಗೆ ಹಿಂಬದಿಯಿಂದ ಕಲ್ಲಿನ ಚಕ್ಕೆ ಸಿಕ್ಕಿಸಿ, ಏಕೆಂದರೆ ಮುಂಬದಿಯಿಂದ ಸಿಕ್ಕಿಸಿದ ಚಕ್ಕೆ ಕಾಲಕ್ರಮದಲ್ಲಿ ಜಾರಿ ಬೀಳುತ್ತದೆ. ಗೋಡೆಗೂ ಮಣ್ಣಿಗೂ ನಡುವೆ ಒಂದು ಗೇಣು ಜಲ್ಲಿ ತುಂಬಿಸಿದರೆ ಮಣ್ಣು ತೊಳೆದುಹೋಗುವುದೂ ಕಡಿಮೆಯಾಗುತ್ತದೆ. ಮಡಿಯ ಅಗಲ ನಾಲ್ಕು ಅಡಿಗಿಂತ ಹೆಚ್ಚಾದರೆ ನಡುವಿನ ಕಳೆ ಕೈಗೆಟುಕುವುದಿಲ್ಲ, ಮಡಿಯ ಮೇಲೆ ಕಾಲಿಟ್ಟರೆ ಮಣ್ಣು ಗಟ್ಟಿಯಾಗುತ್ತದೆ.

ಕುಶಾಲನಗರದಿಂದ: ಮೇಲಿನವರ ಮಾತು ಅವರ ಮಳೆಗೆ ಸರಿ. ನಮ್ಮ ಕಡೆ ಮಳೆ ಅಷ್ಟಿಲ್ಲ. ಮಾರ್ಚಿನಲ್ಲಿ ಕಲ್ಲು ಕಾದು ಅಂಚಿನ ಗಿಡಗಳು ಮಧ್ಯಾಹ್ನವೇ ಬಾಡುತ್ತವೆ. ಆದ್ದರಿಂದ ನಾನು ಎತ್ತರವನ್ನು ಒಂದು ಅಡಿಗೆ ಇಳಿಸಿ, ಒಣಹುಲ್ಲು ಹೊದಿಸಿದ್ದೇನೆ. ತುಂಬುವ ಮಣ್ಣಿಗೆ ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಬೆರೆಸಿ. ಹಸಿ ಕಾಫಿ ಸಿಪ್ಪೆಯನ್ನು ನೇರವಾಗಿ ಸುರಿಯಬೇಡಿ, ಅದು ಕಾಂಪೋಸ್ಟ್ ಆದ ಮೇಲೆಯೇ ಮಡಿಗೆ ಬರಬೇಕು.

ಸೋಮವಾರಪೇಟೆಯಿಂದ: ಗಾರೆಯಿಲ್ಲದ ಕಟ್ಟೆಯ ಸಂದುಗಳು ಆಫ್ರಿಕನ್ ಬಸವನಹುಳುವಿಗೆ ಹೇಳಿ ಮಾಡಿಸಿದ ಮನೆ. ಹಗಲು ಒಳಗೆ ಅಡಗಿದ್ದು, ಕತ್ತಲಾದ ಮೇಲೆ ಬಂದು ಎಳೆಯ ಸೊಪ್ಪನ್ನು ಮೇಯುತ್ತದೆ. ಹಾಗೆಂದು ಸಂದುಗಳನ್ನು ಗಾರೆಯಿಂದ ಮುಚ್ಚಿದರೆ ಮೊದಲಿನ ತೊಂದರೆಯೇ ಮರಳಿ ಬರುತ್ತದೆ. ಮಳೆ ಹಿಡಿದ ದಿನಗಳಲ್ಲಿ ರಾತ್ರಿ ಟಾರ್ಚ್ ಹಿಡಿದು, ಕೈಗವಸು ತೊಟ್ಟು ಹೆಕ್ಕಿ, ಉಪ್ಪುನೀರಿನ ಬಕೆಟ್ಟಿಗೆ ಹಾಕುತ್ತೇನೆ. ಆ ನೀರನ್ನು ಮಾತ್ರ ಮಡಿಯ ಹತ್ತಿರ ಚೆಲ್ಲಬಾರದು.