ಫಿಟ್ಸ್ ಸಿರಪ್ ಎರಡು ಸಲ ಕುಡಿಸಿಬಿಟ್ಟರೆ ಮನೆಯವರಿಗೆ ಏನು ಹೇಳಬೇಕು?

ವಾರ್ಡ್‌ನರ್ಸ್:
ಫಿಟ್ಸ್ ಇರೋ ಪುಟ್ಟ ಮಕ್ಕಳನ್ನ ಡಿಸ್ಚಾರ್ಜ್ ಮಾಡುವಾಗ ಕೈಗೆ ಕೊಡೋಕೆ ಒಂದು ಚೀಟಿ ಬರೀತಿದ್ದೇವೆ. ಅಮ್ಮ ಎಂಟು ಗಂಟೆಗೆ ಕುಡಿಸಿರ್ತಾರೆ, ಗೊತ್ತಿಲ್ಲದೆ ಅಜ್ಜಿ ಎಂಟೂವರೆಗೆ ಮತ್ತೆ ಕುಡಿಸ್ತಾರೆ. ಮಗು 14 ಕೆಜಿ, ವಾಲ್ಪ್ರೊಯೇಟ್ ಸಿರಪ್ 4 ಮಿ.ಲೀ. ದಿನಕ್ಕೆರಡು ಸಲ ಅಂತಿಟ್ಟುಕೊಳ್ಳಿ. ಯಾವಾಗ ಮನೆಯಲ್ಲೇ ನೋಡ್ಕೊಳ್ಳಿ ಅನ್ನಬಹುದು, ಯಾವಾಗ ಓಡಿ ಬನ್ನಿ ಅನ್ನಬೇಕು?

ಮಕ್ಕಳ_ಡಾಕ್ಟರ್:
ಮೊದಲು ಲೆಕ್ಕ. 5 ಮಿ.ಲೀ.ಗೆ 200 ಮಿ.ಗ್ರಾಂ ಇರೋ ಸಿರಪ್ ಆದರೆ 4 ಮಿ.ಲೀ. ಅಂದ್ರೆ 160 ಮಿ.ಗ್ರಾಂ. ಎರಡು ಸಲಕ್ಕೆ 320, ಕೆಜಿಗೆ ಸುಮಾರು 23 ಮಿ.ಗ್ರಾಂ. ವಾಲ್ಪ್ರೊಯೇಟ್ ಒಮ್ಮೆಗೇ ಕೆಜಿಗೆ 200 ಮಿ.ಗ್ರಾಂ ದಾಟಿದಾಗ ಗಂಭೀರ ಸ್ಥಿತಿಯ ಭಯ. ಹಾಗಾಗಿ ಈ ಮಗು ಸ್ವಲ್ಪ ಹೆಚ್ಚು ನಿದ್ದೆ ಮಾಡಬಹುದು, ಹೊಟ್ಟೆ ತೊಳಸಬಹುದು, ಅಷ್ಟೇ. ಆದರೂ ಡಾಕ್ಟರಿಗೆ ಫೋನ್ ಮಾಡಲೇಬೇಕು. ಮುಂದಿನ ಡೋಸ್ ಯಾವಾಗ ಅಂತ ಅವರೇ ಹೇಳಲಿ. ಗಾಬರಿಯಿಂದ ಔಷಧಿಯನ್ನೇ ನಿಲ್ಲಿಸಿಬಿಟ್ಟರೆ ನಿಲ್ಲದ ಫಿಟ್ಸ್ ಶುರುವಾಗಬಹುದು.

ಫಿಟ್ಸ್‌ನ ಬೇರೆ ಮದ್ದುಗಳಾದ ಫಿನೈಟಾಯಿನ್, ಫಿನೋಬಾರ್ಬಿಟೋನ್, ಕಾರ್ಬಮಾಝೆಪಿನ್‌ಗೆ ಈ ಸಮಾಧಾನ ಹೇಳಲ್ಲ. ಕಾರ್ಬಮಾಝೆಪಿನ್ ಹೊಟ್ಟೆಯಿಂದ ರಕ್ತಕ್ಕೆ ನಿಧಾನವಾಗಿ ಸೇರುತ್ತೆ; ಈಗ ಆಟ ಆಡ್ತಿರೋ ಮಗು ಹಲವು ಗಂಟೆ ಕಳೆದ ಮೇಲೆ ಕುಸಿಯಬಹುದು.

ಚೀಟಿಯಲ್ಲಿ ದಪ್ಪಕ್ಷರದಲ್ಲಿ ಹಾಕಿ: ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿರೋದು, ಉಸಿರು ನಿಧಾನ ಆಗೋದು, ಕುಡಿದವರ ಹಾಗೆ ತೂರಾಡೋದು, ಕಣ್ಣುಗುಡ್ಡೆ ಪಟಪಟ ಅಲುಗೋದು, ಬಿಡದೆ ವಾಂತಿ. ಒಂದು ಕಂಡರೂ 108, ಬಾಟ್ಲಿ ಜೊತೆಗಿರಲಿ. ಫಿಟ್ಸ್ ಬಂದರೆ "ಡೋಸ್ ಸಾಕಾಗಿಲ್ಲ" ಅಂತ ಇನ್ನೊಂದು ಕುಡಿಸಬೇಡಿ. ಫಿನೈಟಾಯಿನ್, ಕಾರ್ಬಮಾಝೆಪಿನ್ ಅತಿಯಾದರೆ ಅದರಿಂದಲೇ ಫಿಟ್ಸ್ ಬರಬಹುದು.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋ ಕೆಲಸ ಬೇಡವೇ ಬೇಡ. ಮಂಪರಿನಲ್ಲಿರೋ ಮಗುವಿನ ಶ್ವಾಸಕೋಶಕ್ಕೆ ವಾಂತಿ ಇಳಿಯುತ್ತೆ.

ಮದ್ದಿನಂಗಡಿ:
ಎರಡು ಸಲ ಕುಡಿಸಿದ್ದಕ್ಕಿಂತ ನನಗೆ ಭಯ ಬಾಟ್ಲಿ ಬದಲಾದಾಗ. ಫಿನೈಟಾಯಿನ್ 5 ಮಿ.ಲೀ.ಗೆ 30 ಮಿ.ಗ್ರಾಂನದೂ ಇದೆ, 125ರದೂ ಇದೆ. ಅದೇ "5 ಮಿ.ಲೀ." ಕುಡಿಸಿದರೆ ನಾಲ್ಕು ಪಟ್ಟಿಗಿಂತ ಹೆಚ್ಚು. ಲೆವೆಟಿರಾಸಿಟಮ್ ಅನ್ನೋ ಇನ್ನೊಂದು ಫಿಟ್ಸ್ ಸಿರಪ್‌ನಲ್ಲಿ ಒಂದೇ ಮಿ.ಲೀ.ಗೆ 100 ಮಿ.ಗ್ರಾಂ. 1.5 ಮಿ.ಲೀ.ಯ ಚುಕ್ಕೆ ಮಾಸಿ 15 ಅಂತ ಓದಿದರೆ ಹತ್ತು ಪಟ್ಟು. ಅದಕ್ಕೇ ಚೀಟಿಯಲ್ಲಿ ಮಿ.ಗ್ರಾಂ, ಮಿ.ಲೀ. ಎರಡೂ ಬರೀರಿ, ಸಿರಿಂಜ್ ಮೇಲೆ ಪೆನ್ನಿನಿಂದ ಗೆರೆ ಎಳೆದುಕೊಡಿ. ಅಡುಗೆಮನೆ ಚಮಚದ ಮಾತೇ ಬೇಡ.

ಫಿನೈಟಾಯಿನ್ ಬಾಟ್ಲಿ ಅಲ್ಲಾಡಿಸದಿದ್ದರೆ ಮದ್ದು ತಳಕ್ಕೆ ಕೂರುತ್ತೆ. ಬಾಟ್ಲಿ ಶುರುವಿನಲ್ಲಿ ತೆಳುನೀರು ಕುಡಿದ ಮಗುವಿಗೆ ಫಿಟ್ಸ್, ಕೊನೆಕೊನೆಗೆ ಗಟ್ಟಿ ಕುಡಿದು ತೂರಾಟ. ಅಳತೆ ಎರಡೂ ಸಲ ಸರಿಯೇ ಇರುತ್ತೆ, ನೋಡಿ.

ವಾರ್ಡ್‌ನರ್ಸ್:
ಕುಡಿಸಿದ ಕೂಡಲೇ ವಾಂತಿ ಆದರೆ ಮತ್ತೆ ಕೊಡಬಹುದಾ? ಅದೂ ಡಬಲ್ ಡೋಸ್‌ಗೆ ದಾರಿ.

ಮಕ್ಕಳ_ಡಾಕ್ಟರ್:
ವಾಲ್ಪ್ರೊಯೇಟ್ ಸಿರಪ್ ಆದರೆ ಅರ್ಧ ಗಂಟೆಯೊಳಗಿನ ವಾಂತಿಗೆ ಅದೇ ಡೋಸ್ ಒಂದೇ ಒಂದು ಸಲ ಮತ್ತೆ. ಅರ್ಧ ಗಂಟೆ ದಾಟಿದರೆ ಬೇಡ, ಮುಂದಿನ ಹೊತ್ತಿಗೇ. ಬೇರೆ ಮದ್ದಾದರೆ ಕೇಳಿಯೇ ಕೊಡಲಿ.

ಇನ್ನೊಂದು, ಯಾರೂ ಓವರ್‌ಡೋಸ್ ಅಂದುಕೊಳ್ಳದ್ದು. ಕಾರ್ಬಮಾಝೆಪಿನ್ ತಗೊಳ್ಳೋ ಮಗುವಿಗೆ ಕೆಮ್ಮಿಗೆ ಎರಿತ್ರೋಮೈಸಿನ್ ಅಥವಾ ಕ್ಲಾರಿತ್ರೋಮೈಸಿನ್ ಆ್ಯಂಟಿಬಯಾಟಿಕ್ ಬರೆದರೆ, ಡೋಸ್ ಬದಲಿಸದೆಯೇ ರಕ್ತದಲ್ಲಿ ಮಟ್ಟ ಏರುತ್ತೆ. ಫಿನೋಬಾರ್ಬಿಟೋನ್ ಜೊತೆ ವಾಲ್ಪ್ರೊಯೇಟ್ ಸೇರಿಸಿದಾಗಲೂ ಹಾಗೇ, ಮಗು ದಿನವಿಡೀ ತೂಕಡಿಸುತ್ತೆ. ಯಾವ ಕ್ಲಿನಿಕ್ಕಿಗೆ ಹೋದರೂ ಫಿಟ್ಸ್ ಮಾತ್ರೆ ಚೀಟಿ ಮೊದಲು ತೋರಿಸಿ ಅಂತ ಸೇರಿಸಿ.

ಮದ್ದಿನಂಗಡಿ:
ಕೊಟ್ಟ ತಕ್ಷಣ ಕ್ಯಾಲೆಂಡರಿನಲ್ಲಿ ಆ ಹೊತ್ತಿಗೆ ಟಿಕ್ ಹಾಕೋದೂ ಇರಲಿ. ಟಿಕ್ ಇದ್ದರೆ ಅಜ್ಜಿ ಬಾಟ್ಲಿ ಮುಟ್ಟಲ್ಲ.